ಉಸಿರು ಹೇಳುವ ಹೊಟ್ಟೆಯ ಸುದ್ದಿ

ನಾವು ತಿಂದ ಊಟ ಜಠರದಿಂದ ಎಷ್ಟು ಹೊತ್ತಿಗೆ ಮುಂದೆ ಸಾಗುತ್ತದೆ? ಬಹುಕಾಲ ಸಕ್ಕರೆ ಕಾಯಿಲೆ ಇರುವ ಕೆಲವರಲ್ಲಿ ನರಗಳು ಸೋತು, ಆಹಾರ ಜಠರದಲ್ಲೇ ನಿಂತುಬಿಡುತ್ತದೆ. ಚುಚ್ಚಿಕೊಂಡ ಇನ್ಸುಲಿನ್ ಮೊದಲು, ಊಟದ ಸಕ್ಕರೆ ಆಮೇಲೆ ರಕ್ತಕ್ಕೆ ಸೇರಿದರೆ ಅಪಾಯ.

ಈ ವೇಗವನ್ನು ಅಳೆಯಲು ನೆರವಾಗುವುದು ಆಕ್ಟನೋಯಿಕ್ ಆಮ್ಲ. 8 ಕಾರ್ಬನ್‌ಗಳ ಈ ಪರ್ಯಾಪ್ತ ಕೊಬ್ಬಿನ ಆಮ್ಲ ತೆಂಗಿನೆಣ್ಣೆಯಲ್ಲೂ ಮೇಕೆಯ ಹಾಲಿನಲ್ಲೂ ಇದೆ. ಇದರ ಹಳೆಯ ಹೆಸರು ಕ್ಯಾಪ್ರಿಲಿಕ್. ಲ್ಯಾಟಿನ್‌ನಲ್ಲಿ 'ಕಾಪ್ರಾ' ಎಂದರೆ ಮೇಕೆ!

1993ರಲ್ಲಿ ಬೆಲ್ಜಿಯಂನ ಲೂವೆನ್ ಸಂಶೋಧಕರು ಈ ಉಸಿರು ಪರೀಕ್ಷೆಯನ್ನು ಪ್ರಕಟಿಸಿದರು. ವಿಕಿರಣ ಸೂಸದ ಕಾರ್ಬನ್-13 ಇರುವ ಆಮ್ಲವನ್ನು ಮೊಟ್ಟೆಯ ಹಳದಿಗೆ ಬೆರೆಸಿ, ಬೇಯಿಸಿ ತಿನ್ನಿಸುತ್ತಾರೆ. ಜಠರದಲ್ಲಿ ಆಮ್ಲ ಹಳದಿಯನ್ನು ಬಿಡುವುದಿಲ್ಲ. ಸಣ್ಣ ಕರುಳಿಗೆ ಇಳಿದೊಡನೆ ರಕ್ತ ಸೇರಿ, ಯಕೃತ್ತಿನಲ್ಲಿ ಉತ್ಕರ್ಷಣಗೊಂಡು, ಕಾರ್ಬನ್ ಡೈ ಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಬರುತ್ತದೆ. ಆಗಾಗ ಸಂಗ್ರಹಿಸಿದ ಉಸಿರಿನಲ್ಲಿ ಕಾರ್ಬನ್-13 ತಡವಾಗಿ ಏರಿದರೆ ಜಠರ ನಿಧಾನವೆಂದು ಅರ್ಥ.

ಆದರೆ ಕರುಳು, ಯಕೃತ್ತು, ಶ್ವಾಸಕೋಶಗಳಲ್ಲಿ ದೋಷವಿದ್ದರೆ ಲೆಕ್ಕ ತಪ್ಪಬಹುದು. ಆದ್ದರಿಂದ ವೈದ್ಯರು ಉಸಿರಿನ ಮಾತನ್ನಷ್ಟೇ ನಂಬುವುದಿಲ್ಲ. ಆದರೂ ನೋವಿಲ್ಲದ, ವಿಕಿರಣವಿಲ್ಲದ ಈ ಪರೀಕ್ಷೆಯನ್ನು ಮಕ್ಕಳಿಗೂ ಮಾಡಬಹುದು. ಅವರು ಮಾಡಬೇಕಾದ್ದು ಇಷ್ಟೆ: ತಿನ್ನುವುದು, ಕಾಯುವುದು, ಊದುವುದು!