ನಾಲ್ಕು ಕ್ರಿಯಾಪದಗಳ ಮನೆಗನ್ನಡ

ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ವಿಷಯದ ಮೇಲೆ ವಿಚಾರಗೋಷ್ಠಿ ನಡೆಯದ ವರ್ಷವಿಲ್ಲ. ಥಾಣೆಯಲ್ಲಾಗಲಿ, ಡೊಂಬಿವಲಿಯಲ್ಲಾಗಲಿ, ಕಲ್ಯಾಣದಲ್ಲಾಗಲಿ (ಶರಣರ ಕಲ್ಯಾಣವಲ್ಲ, ಮಧ್ಯ ರೈಲ್ವೆಯ ಕಲ್ಯಾಣ), ನವಿಮುಂಬಯಿಯ ವಾಶಿ, ನೆರೂಲುಗಳಲ್ಲಾಗಲಿ, ಗೋಷ್ಠಿಯ ಕೊನೆಗೆ ಬರುವ ನಿರ್ಣಯಗಳು ಮಾತ್ರ ಒಂದೇ: ರವಿವಾರದ ಕನ್ನಡ ತರಗತಿ ನಡೆಯಬೇಕು, ಮನೆಗೊಂದು ಕನ್ನಡ ಪತ್ರಿಕೆ ಬರಬೇಕು, ಕರ್ನಾಟಕ ಸರಕಾರ ಅನುದಾನ ಹೆಚ್ಚಿಸಬೇಕು. ಈ ನಿರ್ಣಯಗಳಿಗೆ ನಮ್ಮ ವಿರೋಧವಿಲ್ಲ. ಆದರೆ ಕತ್ತರಿ, ಮೈದಾ ಅಂಟು, ಹಳೆಯ ಪಂಚೆ, ಹಸಿಮಣ್ಣು ಇವುಗಳ ಬಗ್ಗೆ ಯಾವ ವೇದಿಕೆಯಲ್ಲಿಯೂ ನಾವು ಒಂದು ಮಾತನ್ನು ಕೇಳಿಲ್ಲ. ಮಕ್ಕಳ ಕೈಯಿಂದ ಮನೆಯಲ್ಲಿ ಏನನ್ನೂ ಮಾಡಿಸದೆ, ಮಾಡಿದ್ದನ್ನು ಇನ್ನೊಬ್ಬರಿಗೆ ಕೊಡಿಸದೆ, ಬಾಯಿಯಿಂದ ಮಾತ್ರ ಕನ್ನಡ ಬರಬೇಕೆಂದು ಹಟ ಹಿಡಿದಿರುವುದೇ ಈ ಉಪನಗರಗಳಲ್ಲಿ ಕನ್ನಡದ ಸೋಲಿಗೆ ಮೂಲವೆಂಬುದು ನಮ್ಮ ವಾದ.

ಇಲ್ಲಿಯ ಮಗುವಿಗೆ ಶಾಲೆಯಲ್ಲಿ ಇಂಗ್ಲಿಷು, ಕಟ್ಟಡದ ಅಂಗಳದಲ್ಲಿ ಮರಾಠಿ, ಟೀವಿಯಲ್ಲಿ ಹಿಂದಿ. ಮನೆಯಲ್ಲಿ ಉಳಿದ ಕನ್ನಡ ಯಾವುದು? ಬಾ, ತಿನ್ನು, ಓದು, ಮಲಗು. ವ್ಯಾಕರಣ ಇದನ್ನು ವಿಧ್ಯರ್ಥವೆನ್ನುತ್ತದೆ. ಮಗುವಿಗೆ ಅದು ಹುಕುಮ್ಮು. ಹುಕುಮ್ಮಿನ ಭಾಷೆಯಲ್ಲಿ ಯಾರೂ ಮರುಮಾತನಾಡುವುದಿಲ್ಲ, ಬೇಕಾದರೆ ಪಾಲಿಸುತ್ತಾರೆ, ಬೇಡವಾದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಅದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಾಗದದ ದೀಪವನ್ನೋ ಬಟ್ಟೆಯ ಗೊಂಬೆಯನ್ನೋ ಮಾಡಹೊರಟರೆ ಭಾಷೆಯ ಉಗ್ರಾಣವೇ ತೆರೆಯುತ್ತದೆ. ಮಡಚು, ಬಿಡಿಸು, ಸವರು, ಅಂಟಿಸು, ನುಲಿ, ಹೊಸೆ, ಪೋಣಿಸು, ಹೆಣೆ, ನಾದು, ತಟ್ಟು, ಗೀರು. ಇವುಗಳ ಬೆನ್ನಿಗೆ ಅಂಚು, ಮಡಿಕೆ, ಎಳೆ, ಗಂಟು, ಚಿಂದಿ, ಸಿಬಿರು. ಬತ್ತಿಯನ್ನು ಹೊಸೆಯುತ್ತಾರೆ, ಹಗ್ಗವನ್ನು ನುಲಿಯುತ್ತಾರೆ, ಮಣಿಯನ್ನು ಪೋಣಿಸುತ್ತಾರೆ, ಬುಟ್ಟಿಯನ್ನು ಹೆಣೆಯುತ್ತಾರೆ. ಈ ವ್ಯತ್ಯಾಸವನ್ನು ಯಾವ ರವಿವಾರದ ತರಗತಿಯ ಕರಿಹಲಗೆಯೂ ಕಲಿಸಲಾರದು, ಏಕೆಂದರೆ ಅದು ಬೆರಳಿನಲ್ಲಿದೆ. ಇನ್ನೂ ಒಂದು ಸಂಗತಿ: ‘ಅದು ಹಾಗಲ್ಲ, ಹೀಗೆ’ ಎಂದು ಮಗುವೇ ನಮ್ಮನ್ನು ತಿದ್ದುವ ಸಂದರ್ಭ ಬರುವುದು ಕೆಲಸದಲ್ಲಿ ಮಾತ್ರ. ತಿದ್ದಲು ಬಾಯಿ ತೆರೆದ ಮಗು ಭಾಷೆಯನ್ನು ತನ್ನದೆಂದು ಬಳಸುತ್ತದೆ. (ನಮ್ಮಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ. ಆ ಮನೆಗಳಲ್ಲಿ ಈ ಮಾತು ತುಳುವಿನಲ್ಲಿ, ಕೊಂಕಣಿಯಲ್ಲಿ ನಡೆಯಲಿ. ವಾದ ಅದೇ.)

ಊರಿನಲ್ಲಿ ಇದಕ್ಕೆ ಯಾರೂ ‘ಕ್ರಾಫ್ಟ್’ ಎಂಬ ಹೆಸರಿಟ್ಟಿರಲಿಲ್ಲ. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ಮಕ್ಕಳ ಕೈ ಜೇಡಿಮಣ್ಣಿನಲ್ಲಿ. ಎತ್ತಿಗೆ ಕೋಡು ಮೂಡಬೇಕು, ಹಿಣಿಲು ಏಳಬೇಕು, ನಾಲ್ಕು ಕಾಲ ಮೇಲೆ ಅದು ನಿಲ್ಲಬೇಕು. ನಿಲ್ಲದಿದ್ದರೆ ಮತ್ತೆ ನಾದಬೇಕು. ಅದರ ಬೆನ್ನಿಗೆ ಆಷಾಢದ ಮಂಗಳವಾರಗಳ ಗುಳ್ಳವ್ವ. ಕರಾವಳಿಯಲ್ಲಿ ತೆಂಗಿನ ಗರಿಯ ಪೀಪಿ, ಕೈಗಡಿಯಾರ, ಹಾವು. ಅಡಿಕೆ ಹಾಳೆಯ ಮೇಲೆ ಚಿಕ್ಕವನನ್ನು ಕುಳ್ಳಿರಿಸಿ ಅಂಗಳದುದ್ದಕ್ಕೂ ಎಳೆದುಕೊಂಡು ಹೋಗುವ ರಥ. ದೀಪಾವಳಿಗೆ ಬಿದಿರ ಕಡ್ಡಿ, ಬಣ್ಣದ ಕಾಗದಗಳ ಗೂಡುದೀಪ. ಮಗು ಹುಟ್ಟುವ ಮೊದಲೇ ಅಜ್ಜಿಯ ಹಳೆಯ ಸೀರೆಗಳು ಕೌದಿಯಾಗಿ, ಕುಂಚಿಗೆಯಾಗಿ ಸಿದ್ಧವಾಗುತ್ತಿದ್ದವು. ‘ಉಡುಗೊರೆ’ ಎಂಬ ಮಾತಿನಲ್ಲಿಯೇ ‘ಉಡು’ ಇದೆ. ಮೈಗೆ ತಾಗುವುದನ್ನು ಕೊಡುವುದು ಎಂಬ ನೆನಪು ಅದರಲ್ಲಿದೆ. ಇವೆಲ್ಲದರ ಹಿಂದೆ ಬಡತನವಿತ್ತು, ಅದನ್ನು ನಾವು ಮರೆತಿಲ್ಲ. ಕೊಳ್ಳಲು ಕಾಸಿಲ್ಲದವರು ಮಾಡಿದರು ಎಂಬುದು ನಿಜ. ಆದರೆ ಕಾಸು ಬಂದೊಡನೆ ಮಾಡುವುದನ್ನೇ ಅವಮಾನವೆಂದು ಬಗೆದೆವಲ್ಲ, ಅದಕ್ಕೆ ಯಾವ ಆರ್ಥಿಕ ಕಾರಣವೂ ಇಲ್ಲ.

ಈ ಅವಮಾನದ ಪೂರ್ಣರೂಪವನ್ನು ನೋಡಬೇಕಾದರೆ ಮಕ್ಕಳ ಹುಟ್ಟುಹಬ್ಬಕ್ಕೆ ಹೋಗಬೇಕು. ಬಂದ ಮಕ್ಕಳಿಗೆಲ್ಲ ‘ರಿಟರ್ನ್ ಗಿಫ್ಟ್’ ಎಂಬ ಚೀಲ. ಒಳಗೆ ಪೆನ್ಸಿಲ್ ಡಬ್ಬಿ, ಮೂರು ದಿನ ಬಾಳುವ ಬ್ಯಾಟರಿ ಆಟಿಕೆ, ಚಾಕಲೇಟು. ತರಗತಿಯಲ್ಲಿ 40 ಮಕ್ಕಳಿದ್ದರೆ ಒಬ್ಬ ತಾಯಿ ಜಾಂಭಳಿ ನಾಕಾದ ಸಗಟು ಅಂಗಡಿಯಲ್ಲಿ 40 ಚೀಲಗಳಿಗೆ ಚೌಕಾಸಿ ಮಾಡುತ್ತಾಳೆ; ಕಳೆದ ವಾರದ ಹುಟ್ಟುಹಬ್ಬದ ಚೀಲಕ್ಕಿಂತ ಇದು ಹತ್ತು ರೂಪಾಯಿಯಾದರೂ ಮೇಲಿರಬೇಕೆಂಬುದು ಅವಳ ಆತಂಕ. ಕನ್ನಡದಲ್ಲಿ ಇದಕ್ಕೆ ಮುಯ್ಯಿ ಎಂಬ ಹೆಸರಿದೆ. ಮದುವೆಯ ಮುಯ್ಯಿಗೆ ಒಂದು ಮರ್ಯಾದೆಯಿತ್ತು, ಬಂಧುಗಳು ಖರ್ಚನ್ನು ಹಂಚಿಕೊಳ್ಳುವ ಲೆಕ್ಕ ಅದು. ಆರು ವರ್ಷದ ಮಗುವಿನ ಕೈಗೆ ಆ ಲೆಕ್ಕವನ್ನು ಹಿಡಿಸಿ ಅದನ್ನು ಉಡುಗೊರೆಯೆಂದು ಕರೆಯುವುದು ಮೋಸ. ಮನೆಗೆ ಬಂದ ಮಗು ಚೀಲವನ್ನು ತೆರೆದು ‘ಇಷ್ಟೇನಾ?’ ಎನ್ನುತ್ತದೆ. ಅದರ ತಪ್ಪಲ್ಲ. ಬೆಲೆಯನ್ನು ಓದಲು ಕಲಿಸಿದ್ದೇವೆ, ಓದಿದೆ. ಎಂ.ಎ. ತರಗತಿಯಲ್ಲಿ ಎಮರ್ಸನ್ನನ ಪ್ರಬಂಧಗಳನ್ನು ಓದುವಾಗ, ಉಡುಗೊರೆಯ ಕುರಿತು ಅವನು 1844ರಲ್ಲಿ ಪ್ರಕಟಿಸಿದ ಚಿಕ್ಕ ಬರಹವನ್ನು ನಾವು ಪರೀಕ್ಷೆಗೆ ಬರಲಾರದೆಂದು ದಾಟಿಹೋಗುತ್ತಿದ್ದೆವು. ಕೊಡುವವನ ದುಡಿಮೆಯ ಗುರುತಿಲ್ಲದ, ಅಂಗಡಿಯಿಂದ ನೇರವಾಗಿ ಬಂದ ವಸ್ತುವಿನಲ್ಲಿ ಕೊಡುವವನೇ ಇರುವುದಿಲ್ಲವೆಂಬುದು ಅದರ ತಿರುಳು. ಹಿತ್ತಲಿನ ಮೊದಲ ಹೀರೇಕಾಯಿಯನ್ನು ನೆರೆಮನೆಗೆ ಕಳಿಸುತ್ತಿದ್ದ ನಮ್ಮ ತಾಯಂದಿರು ಎಮರ್ಸನ್ನನನ್ನು ಓದಿರಲಿಲ್ಲ.

ಇನ್ನು ಶಾಲೆಯ ‘ಪ್ರಾಜೆಕ್ಟ್’. ಸಂಜೆ ಏಳಕ್ಕೆ ವಾಟ್ಸಾಪಿನಲ್ಲಿ ಸೂಚನೆ, ಬೆಳಿಗ್ಗೆ ಏಳಕ್ಕೆ ಜ್ವಾಲಾಮುಖಿ ಸಿದ್ಧವಿರಬೇಕು. ಶಾಲೆಗಳ ಸುತ್ತಲಿನ ಸ್ಟೇಷನರಿ ಅಂಗಡಿಗಳಲ್ಲಿ ಕತ್ತರಿಸಿದ, ಬಣ್ಣ ಬಳಿದ, ಹೆಸರು ಬರೆಯುವುದಷ್ಟೇ ಬಾಕಿಯಿರುವ ಮಾದರಿಗಳು ಸಿಗುತ್ತವೆ. ಥರ್ಮೊಕೋಲಿನ ಅಲಂಕಾರಗಳನ್ನು ಮಹಾರಾಷ್ಟ್ರ ಸರಕಾರ 2018ರಲ್ಲಿ ನಿಷೇಧಿಸಿತು. ಕೊಂಡು ತರುವ ಅಭ್ಯಾಸವನ್ನು ನಿಷೇಧಿಸಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಮಗುವಿನ ಕೈ ಸೋಕದ ಮಾದರಿಗೆ ಹತ್ತಕ್ಕೆ ಹತ್ತು ಅಂಕ ಬರುತ್ತದೆ. ಮಗು ತಾನೇ ಮಾಡಿದ, ಒಂದು ಕಡೆಗೆ ವಾಲಿದ ಮನೆಗೆ ಆರು. ಅಚ್ಚುಕಟ್ಟೆಂಬುದು ಇಲ್ಲಿ ಸುಳ್ಳಿಗೆ ಸಿಗುವ ಬಹುಮಾನವಾಗಿದೆ.

ಇದಕ್ಕೆ ಬೇರೊಂದು ದಾರಿಯನ್ನು ತೋರಿಸಿದವರು ನಮ್ಮ ಇದೇ ಜಿಲ್ಲೆಯಲ್ಲಿದ್ದರು. ತಾರಾಬಾಯಿ ಮೋಡಕರು ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ಮಾಂಟೆಸೊರಿ ಪದ್ಧತಿಯ ಬಾಲಮಂದಿರದಲ್ಲಿ ದುಡಿದವರು. 1945ರಲ್ಲಿ ಆಗಿನ ಥಾಣೆ ಜಿಲ್ಲೆಯ ಬೋರ್ಡಿಯಲ್ಲಿ ಅವರು ಗ್ರಾಮ ಬಾಲಶಿಕ್ಷಣ ಕೇಂದ್ರವನ್ನು ತೆರೆದರು. ಅನುತಾಯಿ ವಾಘ ಅವರೊಡನೆ ನಿಂತರು. 1957ರಲ್ಲಿ ಕೆಲಸ ಕೋಸಬಾಡದ ಗುಡ್ಡಕ್ಕೆ ಸ್ಥಳಾಂತರವಾಯಿತು. (2014ರಲ್ಲಿ ಪಾಲಘರ ಜಿಲ್ಲೆ ಬೇರೆಯಾದ ಮೇಲೆ ಈ ಊರುಗಳು ಆ ಕಡೆಗೆ ಸೇರಿವೆ.) ವಾರಲಿ ಮಕ್ಕಳಿಗೆ ಮಾಂಟೆಸೊರಿಯ ದುಬಾರಿ ಮರದ ಸಾಮಗ್ರಿಯನ್ನು ಎಲ್ಲಿಂದ ತರುವುದು? ತರಲಿಲ್ಲ. ಕಲ್ಲು, ಎಲೆ, ಬೀಜ, ಚಿಪ್ಪು, ಹೂವು ಇವುಗಳಿಂದಲೇ ಎಣಿಕೆ, ಬಣ್ಣ, ಆಕಾರಗಳನ್ನು ಕಲಿಸಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಅವರ ಮನೆಯಂಗಳಕ್ಕೆ ಹೋಯಿತು, ಅಂಗಣವಾಡಿ ಎಂಬ ಹೆಸರು ಹಾಗೆ ಬಂತು. 1975ರಲ್ಲಿ ಕೇಂದ್ರ ಸರಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ದೇಶಕ್ಕೆಲ್ಲ ಹರಡಿದ್ದು ಇದೇ ಹೆಸರು. ಹೊಸ ಕಾಲದ ಉದಾಹರಣೆ ಬೇಕೆನ್ನುವವರಿಗೆ ಪುಣೆಯಲ್ಲಿ ವರ್ಷಗಟ್ಟಲೆ ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೆಯ ಪತ್ರಿಕೆಗಳಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸಿದ ಅರವಿಂದ ಗುಪ್ತಾ ಇದ್ದಾರೆ. ಗುಡ್ಡದ ಮೇಲೆ ಬರಿಗೈಯಲ್ಲಿ ಆಗಿದ್ದು ಎರಡು ಲಿಫ್ಟುಗಳಿರುವ ಕಟ್ಟಡದಲ್ಲಿ ಆಗದೆನ್ನುವವರಿಗೆ ಏನು ಹೇಳೋಣ?

ಅವರು ಹೇಳುವುದು ನಮಗೆ ಗೊತ್ತಿದೆ: ಸಮಯವಿಲ್ಲ. ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ.ಗೆ ವೇಗದ ಲೋಕಲ್ಲಿನಲ್ಲಿಯೂ ಒಂದು ಗಂಟೆಗೆ ಕಡಿಮೆಯಿಲ್ಲ, ಹೋಗಿ ಬರುವುದರಲ್ಲಿ ಜೀವ ಹಣ್ಣಾಗುತ್ತದೆ. ಒಪ್ಪಿದೆವು. ಆದರೆ ಅದೇ ಲೋಕಲ್ಲಿನ ಮಹಿಳಾ ಡಬ್ಬಿಯಲ್ಲಿ ಸಂಜೆ ಬಟಾಣಿ ಸುಲಿಯುವ, ಮೆಂತ್ಯದ ಸೊಪ್ಪು ಬಿಡಿಸುವ, ಕ್ರೋಶಾ ಹೆಣೆಯುವ ಕೈಗಳಿವೆ. ಪುರುಷರ ಡಬ್ಬಿಯಲ್ಲಿ ಭಜನೆಗೆ ತಾಳವಿದೆ, ಇಸ್ಪೀಟಿಗೆ ಮೊಣಕಾಲ ಮೇಲೆ ಹಾಸಿದ ಬ್ಯಾಗಿದೆ. ಸಮಯದ ಮಾತನ್ನು ಗಂಡಸರು ಆಡಿದಾಗ ನಮಗೆ ಸಂದೇಹ ಬರುವುದು ಇದರಿಂದಲೇ. ‘ಇದೂ ಕಡೆಗೆ ಅಮ್ಮನ ತಲೆಯ ಮೇಲೆ ಇನ್ನೊಂದು ಹೊರೆಯಲ್ಲವೇ?’ ಎಂಬ ಆಕ್ಷೇಪಕ್ಕೆ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಹಾಗಾಗುವುದಾದರೆ ಈ ಇಡೀ ವಾದವನ್ನೇ ಕೈಬಿಡುವುದು ಲೇಸು. ಕೇಂದ್ರ ಸರಕಾರ ತನ್ನ ಮಹಿಳಾ ನೌಕರರಿಗೆ 2008ರಿಂದ ಮಕ್ಕಳ ಪಾಲನೆಗೆಂದು ಒಟ್ಟು 730 ದಿನಗಳ ರಜೆಯನ್ನು ಕೊಟ್ಟಿದೆ. ನಾವು ದುಡಿಯುವ ವಲಯದಲ್ಲಿ ಆ ರಜೆಯ ಅರ್ಜಿಗಳು ಬರುವುದು ಹತ್ತನೆಯ, ಹನ್ನೆರಡನೆಯ ತರಗತಿಯ ಪರೀಕ್ಷೆಯ ಹೊತ್ತಿಗೆ. ಮಗುವಿಗೆ ಐದು ವರ್ಷವಾಗಿದೆ, ಅದರೊಡನೆ ಮಣ್ಣೆತ್ತು ಮಾಡಬೇಕಾಗಿದೆ ಎಂದು ರಜೆ ಕೇಳಿದ ಅರ್ಜಿ ಇನ್ನೂ ಯಾವ ಮೇಜಿಗೂ ಬಂದಂತಿಲ್ಲ. ತಂದೆಯ ಪಾಲಿಗೆ ಸಾಮಾನ್ಯವಾಗಿ ಆ ರಜೆಯಿಲ್ಲ, ರವಿವಾರವಿದೆ. ರವಿವಾರ ಬೆಳಿಗ್ಗೆ ಒಂದು ಗಂಟೆ ಅವನು ನೆಲದ ಮೇಲೆ ಕೂರಲಿ. ಬಿದ್ದ ಚೂರುಗಳನ್ನು ಅವನೇ ಗುಡಿಸಲಿ.

ಜಾಗವಿಲ್ಲ, ಗಲೀಜಾಗುತ್ತದೆ ಎಂಬ ಮಾತಿಗೆ ಉತ್ತರ ಪ್ರತಿ ದೀಪಾವಳಿಗೆ ನಮ್ಮ ಕಿಟಕಿಯ ಕೆಳಗೇ ಸಿಗುತ್ತದೆ. ಇಲ್ಲಿಯ ಮರಾಠಿ ಮಕ್ಕಳು ಕಟ್ಟಡದ ಮೂಲೆಯಲ್ಲಿ ಇಟ್ಟಿಗೆ, ಕಲ್ಲು, ಗೋಣಿತಾಟು, ಕೆಸರುಮಣ್ಣುಗಳಿಂದ ಕಿಲ್ಲೆ ಕಟ್ಟುತ್ತಾರೆ. ಬುರುಜು, ಮಹಾದ್ವಾರ, ನೀರಿನ ಕೊಳ. ಇಳಿಜಾರಿಗೆ ಸಾಸಿವೆಯನ್ನೋ ಅಳವಿಯನ್ನೋ ಎರಚಿದರೆ ಹಬ್ಬದ ಹೊತ್ತಿಗೆ ಹಸಿರು ಮೊಳೆತಿರುತ್ತದೆ. ಮೇಲೆ ಸಿಂಹಾಸನದಲ್ಲಿ ಶಿವಾಜಿ ಮಹಾರಾಜರು, ಕೆಳಗೆ ಮಣ್ಣಿನ ಮಾವಳೆಗಳು. ಹತ್ತು ಮಕ್ಕಳು ನಾಲ್ಕು ದಿನ ಜಗಳವಾಡಿಕೊಂಡು ಕಟ್ಟಿದ್ದು. ಈಗ ಮಾರುಕಟ್ಟೆಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಸಿದ್ಧ ಕಿಲ್ಲೆಗಳೂ ಬಂದಿವೆ, ರೋಗ ನಮ್ಮದೊಂದೇ ಅಲ್ಲ. ಆದರೂ ನಮ್ಮ ಪೈಕಿ ಕೆಲವರು ‘ಅದು ಅವರ ಹಬ್ಬದ ಪದ್ಧತಿ’ ಎಂದು ಮಕ್ಕಳನ್ನು ಮೇಲಕ್ಕೆ ಕರೆಯುವುದನ್ನು ಕಂಡಾಗ ಸಿಟ್ಟು ಬರುತ್ತದೆ. ನಮ್ಮ ಮಗು ಅವರ ಕಿಲ್ಲೆಗೆ ಮಣ್ಣು ಹೊರಲಿ. ಅವರ ಮಗು ನಮ್ಮ ಮನೆಗೆ ಬಂದು ಗೂಡುದೀಪಕ್ಕೆ ಕಾಗದ ಅಂಟಿಸಲಿ. ಅದಕ್ಕೆ ಅವರಲ್ಲಿ ಆಕಾಶಕಂದೀಲು ಎನ್ನುತ್ತಾರೆ, ಕೌದಿಗೆ ಗೋಧಡಿ ಎನ್ನುತ್ತಾರೆ, ನಮ್ಮ ಎಳ್ಳು ಬೆಲ್ಲಕ್ಕೆ ತಿಳಗುಳವೆನ್ನುತ್ತಾರೆ. ಸಂಕ್ರಾಂತಿಯಂದು ಮಗುವಿನ ತಲೆಯ ಮೇಲೆ ಎಲಚಿಹಣ್ಣು ಸುರಿಯುವ ಶಾಸ್ತ್ರ ಎರಡೂ ಕಡೆ ಇದೆ. ಅವರು ಆ ಮಗುವಿಗೆ ಸಕ್ಕರೆಯ ಕುಸುರಿಕಾಳುಗಳನ್ನು ದಾರಕ್ಕೆ ಪೋಣಿಸಿ ಆಭರಣವನ್ನೂ ತೊಡಿಸುತ್ತಾರೆ. ಅದನ್ನು ಅವರಿಂದ ಕಲಿಯುವುದರಲ್ಲಿ ಕನ್ನಡಕ್ಕೆ ನಷ್ಟವೇನೂ ಇಲ್ಲ.

ಕಷ್ಟದ ಕೆಲಸವನ್ನೇ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಬಣ್ಣದ ಹಾಳೆಯೊಂದನ್ನು ಉದ್ದಕ್ಕೆ ಎರಡಾಗಿ ಮಡಚಿ, ಮಡಿಕೆಯ ಕಡೆಯಿಂದ ಬೆರಳಗಲಕ್ಕೊಂದರಂತೆ ಕತ್ತರಿಸುತ್ತ ಹೋಗಿ, ಅಂಚಿಗೆ ಎರಡು ಬೆರಳು ಇರುವಾಗ ನಿಲ್ಲಿಸಿ. ಬಿಡಿಸಿ, ಸುರುಳಿಯಾಗಿ ಸುತ್ತಿ ಅಂಟಿಸಿದರೆ ಹೊಟ್ಟೆಯುಬ್ಬಿದ ಕಂದೀಲು ನಿಲ್ಲುತ್ತದೆ. ಒಂದು ಚಮಚ ಮೈದಾವನ್ನು ನೀರಿನಲ್ಲಿ ಕದಡಿ ಕುದಿಸಿದರೆ ಅಂಟು. ಹಳೆಯ ಪಂಚೆಯ ಚಿಂದಿಯನ್ನು ಗುಂಡಗೆ ಕಟ್ಟಿ ಮೇಲೊಂದು ಬಟ್ಟೆ ಹೊದಿಸಿ ಕುತ್ತಿಗೆಗೆ ದಾರ ಬಿಗಿದರೆ ಗೊಂಬೆಯ ತಲೆಯಾಯಿತು; ಮನೆಯಲ್ಲಿ ಪುಟ್ಟ ಕೂಸಿದ್ದರೆ ಗುಂಡಿಯ ಕಣ್ಣು ಬೇಡ, ದಾರದಿಂದಲೇ ಹೊಲಿಯಿರಿ. ಗೊಂಬೆಯ ಮೋರೆ ಸೊಟ್ಟಗಾದರೆ ಆಗಲಿ. ತಿದ್ದಲು ಕೈ ಹಾಕಬೇಡಿ, ಮಗುವಿನ ಕೈಯ ಗುರುತು ಇರುವುದೇ ಆ ಸೊಟ್ಟಿನಲ್ಲಿ. ಅದನ್ನೇ ಅಜ್ಜಿಯ ಊರಿಗೆ ಅಂಚೆಯಲ್ಲಿ ಕಳಿಸಿ; ಪೊಟ್ಟಣದೊಳಗಿನ ನಾಲ್ಕು ಸಾಲಿನ ಪತ್ರವನ್ನು ಮಗು ಕನ್ನಡದಲ್ಲಿ ಬರೆಯಲೇಬೇಕಾಗುತ್ತದೆ, ಅಜ್ಜಿಗೆ ಬೇರೆ ಲಿಪಿ ಬರುವುದಿಲ್ಲ.

ಉಳಿದದ್ದು ನಮ್ಮ ಸಂಘಗಳ ವಿಷಯ. ರಾಜ್ಯೋತ್ಸವದ ವೇದಿಕೆಯ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಆ ಸ್ಮರಣಿಕೆ ಎಂಬುದು ಮರದ ಪೀಠದ ಮೇಲೆ ನಿಲ್ಲಿಸಿದ ಹೊಳೆಯುವ ಪ್ಲಾಸ್ಟಿಕ್ಕು. ಪಡೆದವರು ಅದನ್ನು ಮನೆಯ ಅಟ್ಟಕ್ಕೆ ಏರಿಸುತ್ತಾರೆಂಬುದು ಕೊಟ್ಟವರಿಗೂ ಗೊತ್ತು. ಮಕ್ಕಳ ದಿನಕ್ಕೆ ‘ಕರಕುಶಲ ಸ್ಪರ್ಧೆ’ ಏರ್ಪಡಿಸಿ, ತಾಯಂದಿರು ಮಾಡಿಕೊಟ್ಟದ್ದಕ್ಕೆ ಮಕ್ಕಳಿಗೆ ಬಹುಮಾನವಾಗಿ ಅದೇ ಪ್ಲಾಸ್ಟಿಕ್ಕನ್ನು ಹಂಚುವುದೂ ಉಂಟು. ಶಾಲು ಬೇಕಾದರೆ ಹೊದಿಸಲಿ, ನಮ್ಮ ತಕರಾರಿಲ್ಲ. ಸ್ಪರ್ಧೆಯನ್ನು ನಿಲ್ಲಿಸಿ, ಈ ನವೆಂಬರಿನಲ್ಲಿ ಅತಿಥಿಗಳಿಗೆ ಕೊಡುವ ಸ್ಮರಣಿಕೆಯನ್ನು ಮಕ್ಕಳಿಂದಲೇ ಮಾಡಿಸಲಿ. ಮಾಡಿದ ಮಗುವೇ ವೇದಿಕೆಗೆ ಬಂದು, ಇದು ಏನು, ಹೇಗೆ ಮಾಡಿದೆ ಎಂಬುದನ್ನು ಎರಡು ಮಾತಿನಲ್ಲಿ ಹೇಳಿ ಕೊಡಲಿ. ಅಧ್ಯಕ್ಷೀಯ ಭಾಷಣದಿಂದ ಹತ್ತು ನಿಮಿಷವನ್ನು ಕಡಿತಗೊಳಿಸಿದರೆ ಐದಾರು ಮಕ್ಕಳಿಗೆ ಸಾಕು. ಸ್ಮರಣಿಕೆಗಳಿಗೆ ತೆಗೆದಿರಿಸಿದ ಹಣದಲ್ಲಿ ಮೊಂಡುಮೂತಿಯ ಕತ್ತರಿಗಳನ್ನೂ ಬಣ್ಣದ ಕಾಗದವನ್ನೂ ಪೇಣದಿಂದ ಎರಡು ಚೀಲ ಶಾಡೂ ಮಣ್ಣನ್ನೂ ತರಿಸಬಹುದು. ಕಾರ್ಯಕಾರಿ ಸಮಿತಿಯ ಗಂಡಸರು ಅಕ್ಟೋಬರಿನ ಒಂದು ರವಿವಾರ ಸಂಘದ ಸಭಾಗೃಹದ ಕುರ್ಚಿಗಳನ್ನು ಬದಿಗೆ ಸರಿಸಿ, ನೆಲಕ್ಕೆ ಹಳೆಯ ಪತ್ರಿಕೆಗಳನ್ನು ಹಾಸಿ, ಮಕ್ಕಳ ನಡುವೆ ಕುಳಿತುಕೊಳ್ಳಲಿ.