ರಸ್ತೆಯ ಮೇಲಿಲ್ಲದ ಊರು



2025ರ ಮೇ ತಿಂಗಳ 7ರಿಂದ 10ರವರೆಗೆ ನಾವೆಲ್ಲ ಟಿ.ವಿ. ಮುಂದೆ ಕುಳಿತು ಯುದ್ಧದ ಲೆಕ್ಕ ಹಾಕುತ್ತಿದ್ದೆವು. ಒಂದು ರಾತ್ರಿ ಕೆಲವು ವಾಹಿನಿಗಳು ಕರಾಚಿ ಬಂದರು ಧ್ವಂಸವಾಯಿತೆಂದು ಸಾರಿದವು. ಅದು ಸುಳ್ಳೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ನಮ್ಮ ಹುಡುಗರು ಕುಣಿದೂ ಆಗಿತ್ತು. ಆಗ ಅಕ್ಕಲಕೋಟದ ನಮ್ಮ ದೊಡ್ಡಪ್ಪನವರು, “ನಮ್ಮ ಕಾಲದಾಗ ಸುದ್ದಿ ಭಾಳ ಕಡಿಮಿ. ಆದರೂ ಲೆಕ್ಕ ತಪ್ಪಿದ್ವಿ ನೋಡ್ರಿ” ಎಂದರು. ಅವರು ನೆನೆದದ್ದು 1948ರ ಸೆಪ್ಟೆಂಬರ್ ತಿಂಗಳನ್ನು. ಆಗ ಅವರಿಗೆ ಹತ್ತು ವರ್ಷ.

ಅಕ್ಕಲಕೋಟ ಸಂಸ್ಥಾನವು ಆ ವರ್ಷದ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಆರು ತಿಂಗಳಷ್ಟೇ ಆಗಿತ್ತು. ಆಳಂದ, ಗುಲಬರ್ಗಾ, ನಳದುರ್ಗಗಳು ಇನ್ನೂ ನಿಜಾಮರ ರಾಜ್ಯದಲ್ಲಿದ್ದವು. ಸರಕಾರಗಳ ನಡುವೆ ಗಡಿ ಇತ್ತು, ಬೀಗತನಕ್ಕೆ ಗಡಿ ಇರಲಿಲ್ಲ. ಇಲ್ಲಿಯ ಹೆಣ್ಣುಮಕ್ಕಳನ್ನು ಅಲ್ಲಿಗೆ ಕೊಡುತ್ತಿದ್ದರು, ಅಲ್ಲಿಯ ಸೊಸೆಯರು ಇಲ್ಲಿಗೆ ಬರುತ್ತಿದ್ದರು. ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಕುಟುಂಬಗಳು ಈಚೆಗೆ ಬಂದಿದ್ದವು. ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ಆದ ಹತ್ಯಾಕಾಂಡದ ಸುದ್ದಿ ಎಲ್ಲರನ್ನೂ ನಡುಗಿಸಿತ್ತು.

ಸೆಪ್ಟೆಂಬರ್ 13ರ ನಸುಕಿನಲ್ಲಿ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಸೈನ್ಯ ಸೋಲಾಪುರದ ಕಡೆಯಿಂದ ಹೈದರಾಬಾದಿನತ್ತ ಹೊರಟಿತು. ಸುಮಾರು 300 ಕಿಲೋಮೀಟರ್ ದಾರಿ. ದಶಲಕ್ಷಣ ಪರ್ವದ ದಿನಗಳವು. ದೊಡ್ಡಪ್ಪನವರ ಓಣಿಯಲ್ಲಿ ರೇಡಿಯೋ ಇದ್ದದ್ದು ಒಂದೇ ಮನೆಯಲ್ಲಿ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಗಂಡಸರೆಲ್ಲ ಆ ಮನೆಯ ಕಟ್ಟೆಗೆ ಸೇರುತ್ತಿದ್ದರು. ಶಾಲೆಯ ನಕಾಶೆಯೊಂದನ್ನು ಹಾಸಿ, ಕೇಳಿದ ಊರಿನ ಮೇಲೆ ಸೀಸಕಡ್ಡಿಯಿಂದ ಗೆರೆ ಎಳೆಯುತ್ತಿದ್ದರು. ಮೊದಲ ದಿನವೇ ಬೋರಿ ನದಿಯ ಸೇತುವೆ ಮುರಿಯದೆ ಕೈಗೆ ಸಿಕ್ಕು ನಳದುರ್ಗ ಬಿದ್ದಿತ್ತು. ಅಂದೇ ಜಳಕೋಟ ದಾಟಿ ಸೈನ್ಯ ಉಮರ್ಗಾ ಮುಟ್ಟಿತ್ತು. 14ಕ್ಕೆ ರಾಜೇಶ್ವರ, 16ಕ್ಕೆ ಜಹೀರಾಬಾದ್. ಸುದ್ದಿ ತಡವಾಗಿ ಬಂದರೂ ಗೆರೆ ಮಾತ್ರ ಮುಂದಕ್ಕೇ ಓಡುತ್ತಿತ್ತು.

ಆ ಸುದ್ದಿಯನ್ನು ಅಡಿಗೆಮನೆಗೆ ಮುಟ್ಟಿಸುವ ಕೆಲಸ ನಮ್ಮ ದೊಡ್ಡಪ್ಪನವರದು. ಅವರ ತಾಯಿ ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದರಂತೆ: “ನಿಮ್ಮ ಚಿಗವ್ವನ ಊರು ಬಂತೇನೋ?” ಆ ತಂಗಿಯನ್ನು ಆಳಂದದ ಕಡೆಯ ಒಂದು ಸಣ್ಣ ಹಳ್ಳಿಗೆ ಕೊಟ್ಟಿದ್ದರು. ಹುಡುಗ ಓಡಿಹೋಗಿ ಕೇಳಿದರೆ ಕಟ್ಟೆಯ ಮೇಲಿನವರು, “ಅದು ರಸ್ತಾದ ಮ್ಯಾಲಿಲ್ಲೋ ತಮ್ಮಾ” ಎಂದು ನಗುತ್ತಿದ್ದರು.

17ರ ಸಂಜೆ ನಿಜಾಮರು ಶರಣಾದರು. 18ರಂದು ಅವರ ಸೇನಾಪತಿ ಎಲ್ ಇದ್ರೂಸ್ ಚೌಧುರಿಯವರಿಗೆ ಶಸ್ತ್ರ ಒಪ್ಪಿಸಿದರು. ಓಣಿಯಲ್ಲಿ ಸಕ್ಕರೆ ಹಂಚಿದರು. ಐದೇ ದಿನದಲ್ಲಿ ಮುಗಿಯಿತು ಎಂದು ನಕಾಶೆ ಮಡಚಿಟ್ಟರು. ತಾಯಿಯವರು ಮಾತ್ರ ಸಕ್ಕರೆ ಮುಟ್ಟಲಿಲ್ಲ. “ತಂಗೀ ಸುದ್ದಿ ಬರಲಿ” ಎಂದರು.

ಸುದ್ದಿ ಬರಲು ಮೂರು ವಾರ ಹಿಡಿಯಿತು. ಆ ಕಡೆಯಿಂದ ಬಂದ ಗಾಡಿಯವನೊಬ್ಬ ತಂಗಿಯೂ ಮಕ್ಕಳೂ ಕ್ಷೇಮವೆಂದು ಹೇಳಿದ. ಆದರೆ ಆಕೆಯ ಪಕ್ಕದ ಮನೆಯ ಬಳೆಗಾರ ಸಾಹೇಬರ ಮನೆಯಲ್ಲಿ ಗಂಡಸರು ಯಾರೂ ಉಳಿದಿರಲಿಲ್ಲ. ರಜಾಕಾರರಿಗೂ ಆ ಮನೆಗೂ ಸಂಬಂಧವೇ ಇರಲಿಲ್ಲವಂತೆ. ನಾವು ಸಕ್ಕರೆ ಹಂಚಿದ ಮೇಲಿನ ದಿನಗಳಲ್ಲಿ ನಡೆದ ಕೆಲಸವದು. ತಾಯಿಯವರು ಆ ದಿನವೂ ಸಕ್ಕರೆ ತಿನ್ನಲಿಲ್ಲ.

ಇದು ಒಂದು ಹಳ್ಳಿಯ ಕಥೆಯಷ್ಟೇ ಅಲ್ಲ. ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಒಂದು ಸಮಿತಿಯನ್ನು ಕಳಿಸಿದರು. ಕಾರ್ಯಾಚರಣೆಯ ಕಾಲದಲ್ಲೂ ಅನಂತರವೂ ಒಟ್ಟು 27,000ದಿಂದ 40,000 ಜನ ಸತ್ತಿರಬೇಕೆಂದು ಅದು ಅಂದಾಜು ಮಾಡಿತು. ಹೆಚ್ಚು ನೊಂದ ಜಿಲ್ಲೆಗಳು ಉಸ್ಮಾನಾಬಾದ, ಗುಲಬರ್ಗಾ, ಬೀದರ ಮತ್ತು ನಾಂದೇಡ, ಅಂದರೆ ನಮ್ಮ ನೆರೆಯವೇ. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ರಜಾಕಾರರ ಕ್ರೌರ್ಯ ಎಷ್ಟು ನಿಜವೋ ಇದೂ ಅಷ್ಟೇ ನಿಜ.

ಕಟ್ಟೆಯ ಮೇಲಿನವರು ಸುಳ್ಳು ಹೇಳಲಿಲ್ಲ. ನಳದುರ್ಗ, ಉಮರ್ಗಾ, ಜಹೀರಾಬಾದ್ ಎಲ್ಲವೂ ಸರಿಯೇ. ಸೈನ್ಯ ಎಲ್ಲಿಗೆ ಮುಟ್ಟಿತೆಂಬುದನ್ನು ಅವರು ಚೆನ್ನಾಗಿಯೇ ಅಳೆದರು. ಆದರೆ ಜನ ಏನಾದರು ಎಂಬುದಕ್ಕೆ ಆ ಅಳತೆ ಸಾಲದು. ಅದನ್ನು ಕೇಳಿದವರು ಅಡಿಗೆಮನೆಯಲ್ಲಿದ್ದ ಒಬ್ಬ ತಾಯಿ ಮಾತ್ರ.

ಇಂದು ನಮ್ಮ ಕೈಯಲ್ಲಿರುವ ಮೊಬೈಲು ಆ ರೇಡಿಯೋಕ್ಕಿಂತ ನೂರು ಪಟ್ಟು ಸುದ್ದಿ ತರುತ್ತದೆ. ಆದ್ದರಿಂದ ಮನೆಯಲ್ಲಿ ಒಂದು ರೂಢಿ ಇಟ್ಟುಕೊಳ್ಳೋಣ. ಊರು ಗೆದ್ದಿತು, ಬಂದರು ಬಿತ್ತು ಎಂದು ಕೇಳಿದಾಗ ಹೇಳಿದವರು ಯಾರು ಎಂದು ಮಕ್ಕಳು ಮೊದಲು ಕೇಳಲಿ. ಆ ಜಾಗವನ್ನು ನಕಾಶೆಯಲ್ಲಿ ಹುಡುಕಲಿ. ಒಂದು ದಿನ ಕಾಯ್ದು ಇನ್ನೊಬ್ಬರಿಗೆ ಕಳಿಸಲಿ. ಕೊನೆಗೆ ಅಲ್ಲಿಯ ಮನೆಗಳಲ್ಲಿರುವವರ ಸುದ್ದಿ ಏನೆಂದು ವಿಚಾರಿಸಲಿ.

ಸೋಲಾಪುರ, ಅಕ್ಕಲಕೋಟ, ಆಳಂದದ ಕಡೆಯ ನಮ್ಮ ಮನೆಗಳಲ್ಲಿ ಆ ದಿನಗಳನ್ನು ಕಂಡ ಹಿರಿಯರು ಇನ್ನು ಕೆಲವರೇ ಉಳಿದಿದ್ದಾರೆ. ಅವರ ಹತ್ತಿರ ಕುಳಿತು ಕೇಳಿ ಬರೆದಿಡಿರಿ. ಗಾಡಿಯವನು ಹೋದ ಮೇಲೆ ದೊಡ್ಡಪ್ಪನವರ ತಾಯಿ ಆ ನಕಾಶೆಯನ್ನು ಬಿಚ್ಚಿಸಿ, ಆಳಂದದ ಪಕ್ಕ ಹೆಸರಿಲ್ಲದ ಜಾಗದಲ್ಲಿ ಮಗನ ಕೈಯಿಂದ ಒಂದು ಚುಕ್ಕೆ ಇಡಿಸಿದರಂತೆ.