ಪುರಾಡಳಿತದ ವರದಿಗಳೂ ಪೌರರ ಹಕ್ಕೂ

ನಮ್ಮ ಕರಾವಳಿಯಲ್ಲಿ ಚಳಿಗಾಲವೆಂಬುದು ಹೊದೆದು ಮಲಗುವ ಕಾಲವಲ್ಲ, ದುಡಿಯುವ ಕಾಲ. ಮಳೆಯ ನಾಲ್ಕು ತಿಂಗಳು ಮಾರ್ಗಕ್ಕೆ ಒಂದು ಬುಟ್ಟಿ ಜಲ್ಲಿ ಹಾಕುವುದೂ ವ್ಯರ್ಥ. ಮಾರ್ಚಿಯು ಕಳೆಯಿತೆಂದರೆ ಸೆಕೆಯೂ ನೀರಿನ ಬರವೂ ಜೊತೆಯಾಗಿ ಬಂದು ಊರವರ ಬುದ್ಧಿಯನ್ನೆಲ್ಲ ಕೊಡಪಾನದ ಕಡೆಗೇ ಎಳೆದುಬಿಡುತ್ತವೆ. ಮಾರ್ಗದ ಹೊಂಡ ಮುಚ್ಚುವುದು, ತೋಡುಗಳ ಹೂಳೆತ್ತುವುದು, ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುವುದು, ತೆರಿಗೆಯ ಬಾಕಿಯನ್ನು ಪಟ್ಟಿಮಾಡುವುದು, ಬರುವ ವರ್ಷದ ಆಯವ್ಯಯದ ಅಂದಾಜು ಬರೆಯುವುದು, ಇವೆಲ್ಲ ನಡೆಯಬೇಕಾದದ್ದು ಕಾರ್ತಿಕ ಮಾಘಗಳ ನಡುವಣ ಈ ಸ್ವಲ್ಪ ಅವಧಿಯಲ್ಲಿಯೇ. ಊರಿನ ವರ್ಷದ ಹಣೆಬರಹವು ಚಳಿಗಾಲದಲ್ಲಿ ಬರೆಯಲ್ಪಡುತ್ತದೆ ಎಂದರೆ ಅತಿಶಯೋಕ್ತಿಯಾಗಲಾರದು.

ಈ ಕೆಲಸಗಳ ವಿಷಯವಾಗಿ ಪುರಾಡಳಿತದ ಇಲಾಖೆಗಳಿಂದ ಆಗಾಗ್ಗೆ ಸಣ್ಣ ಸಣ್ಣ ವರದಿಗಳು ಹೊರಡುತ್ತವೆ. ಇಂತಿಂಥ ಚರಂಡಿಯು ಶುಚಿಯಾಯಿತು, ಇಷ್ಟು ದಾರಿದೀಪಗಳು ದುರಸ್ತಿಯಾದುವು, ಇಷ್ಟು ತೆರಿಗೆ ಸಂದಾಯವಾಯಿತು ಎಂಬ ಶುಷ್ಕವಾದ ವಾಕ್ಯಗಳನ್ನು ಕಂಡು ವಾಚಕರಲ್ಲಿ ಬಹುಮಂದಿ ಪುಟವನ್ನು ತಿರುವಿಬಿಡುವರು. ದೇಶದ ದೊಡ್ಡ ರಾಜಕಾರಣದ ಮುಂದೆ ಇದು ಯಃಕಶ್ಚಿತ್ ವಿಷಯವೆಂದು ಅವರಿಗೆ ತೋರುವುದು ಸಹಜವೇ. ಆದರೆ ನಮ್ಮ ಸ್ವಾತಂತ್ರ್ಯಸಮರದ ಹಿರಿಯರು ಹಾಗೆ ತಿಳಿದಿರಲಿಲ್ಲ. ವಲ್ಲಭಭಾಯಿ ಪಟೇಲರು 1924ರಿಂದ 1928ರ ತನಕ ಅಹಮದಾಬಾದಿನ ಪುರಸಭೆಗೆ ಅಧ್ಯಕ್ಷರಾಗಿದ್ದರು. ರಾಜಗೋಪಾಲಾಚಾರ್ಯರು ಅದಕ್ಕೂ ಮೊದಲೇ ಸೇಲಮಿನ ಪುರಸಭೆಯ ಭಾರವನ್ನು ಹೊತ್ತಿದ್ದರು. ಇಬ್ಬರೂ ವಕೀಲರು, ಇಬ್ಬರೂ ಚರಂಡಿ ನಲ್ಲಿಗಳ ಕಡತವನ್ನು ಓದಲು ನಾಚಿದವರಲ್ಲ. ಮನೆ ಗೆದ್ದು ಮಾರು ಗೆಲ್ಲೆಂಬ ನಮ್ಮ ಗಾದೆಯ ಅರ್ಥವನ್ನು ಅವರು ನಡೆಯಲ್ಲಿ ತೋರಿಸಿದರು.

ಈ ದೃಷ್ಟಿಯಿಂದ ಬಜಪೆಯ ಸಂಗತಿಯು ವಿಚಾರಿಸಿ ನೋಡತಕ್ಕದ್ದಾಗಿದೆ. 1951ರ ದಶಂಬರ 25ರಂದು ಜವಾಹರಲಾಲ ನೆಹರೂರವರ ಹಸ್ತದಿಂದ ಇಲ್ಲಿನ ವಿಮಾನನಿಲ್ದಾಣವು ಆರಂಭವಾದಂದಿನಿಂದ ಈ ಊರಿನ ಹೆಸರು ದೇಶದೇಶಾಂತರಗಳಲ್ಲಿ ಕೇಳಿಬಂತು. ಆದರೂ ಆಡಳಿತದ ಲೆಕ್ಕದಲ್ಲಿ ಅದು ಬಹುಕಾಲ ಹಳ್ಳಿಯಾಗಿಯೇ ಉಳಿಯಿತು. ಅನಂತರ ಬಜಪೆ, ಮಳವೂರು ಗ್ರಾಮಪಂಚಾಯತುಗಳನ್ನು ಕೂಡಿಸಿ ಪಟ್ಟಣ ಪಂಚಾಯತನ್ನು ರಚಿಸಿದ್ದಾಯಿತು. ಹೆಸರು ಬದಲಾಯಿತು, ಹಲಗೆ ಬದಲಾಯಿತು. ಜನರು ಆರಿಸಿದ ಸದಸ್ಯರು ಮಾತ್ರ ಕೂಡಲೇ ಬರಲಿಲ್ಲ. 2025ರ ದಶಂಬರದಲ್ಲಿ ಮೊದಲ ಚುನಾವಣೆ ನಡೆಯುವವರೆಗೆ ಊರಿನ ಆಡಳಿತವು ಸರಕಾರದ ಅಧಿಕಾರಿಗಳ ಕೈಯಲ್ಲಿಯೇ ಇತ್ತು. ಆ ಅಧಿಕಾರಿಗಳು ಒಳ್ಳೆಯವರೋ ಕೆಟ್ಟವರೋ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಒಳ್ಳೆಯ ಆಡಳಿತವು ಸ್ವಯಮಾಡಳಿತದ ಸ್ಥಾನವನ್ನು ತುಂಬಲಾರದೆಂಬುದು ನಮ್ಮ ಹಿರಿಯರು ಪರಕೀಯರೊಡನೆ ವಾದಿಸಿ ಗೆದ್ದ ಮಾತು.

ಹಳ್ಳಿಯು ಪಟ್ಟಣವಾದಾಗ ಜನರಿಗೆ ದೊರೆತದ್ದೇನು, ಕಳೆದುಹೋದದ್ದೇನು ಎಂಬುದನ್ನು ನಾವು ಇನ್ನೂ ಸರಿಯಾಗಿ ಎಣಿಸಿದಂತಿಲ್ಲ. ದೊರೆತದ್ದು ಪಟ್ಟಣದ ಅನುದಾನ, ಪಟ್ಟಣದ ಗೌರವ. ಕಳೆದದ್ದರಲ್ಲಿ ಮುಖ್ಯವಾದದ್ದು ಗ್ರಾಮಸಭೆ. 1993ರ ಪಂಚಾಯತ್ ಕಾನೂನಿನ ಪ್ರಕಾರ ಹಳ್ಳಿಯಲ್ಲಿ ಆರು ತಿಂಗಳಿಗೊಮ್ಮೆಯಾದರೂ ಮತದಾರರೆಲ್ಲರ ಸಭೆ ಸೇರಲೇಬೇಕು. ಅಲ್ಲಿ ಕೂಲಿಯವನೂ ಎದ್ದುನಿಂತು, ನಮ್ಮ ಕೇರಿಯ ಬಾವಿಯ ಹಣವೆಲ್ಲಿ ಎಂದು ಕೇಳಬಲ್ಲನು. ಪಟ್ಟಣಕ್ಕೆ ಇಂಥ ಸಭೆಯನ್ನು ಸಂವಿಧಾನವು ವಿಧಿಸಿಲ್ಲ. ಅದು ಕಡ್ಡಾಯಗೊಳಿಸಿದ ವಾರ್ಡು ಸಮಿತಿಯಾದರೂ ಮೂರು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯುಳ್ಳ ನಗರಗಳಿಗೆ ಮಾತ್ರ. ಹೀಗಾಗಿ ಬಜಪೆಯಂತಹ ಸಣ್ಣ ಪಟ್ಟಣವು ಹಳ್ಳಿಯ ಸಭೆಯನ್ನು ಕಳಕೊಂಡು, ನಗರದ ಸಮಿತಿಯನ್ನೂ ಪಡೆಯದೆ, ಎರಡರ ನಡುವೆ ನಿಂತಿದೆ. ಚುನಾವಣೆಯಿಂದ ಚುನಾವಣೆಯವರೆಗಣ ಐದು ವರ್ಷಗಳಲ್ಲಿ ಪೌರನಿಗೂ ಕಚೇರಿಗೂ ನಡುವೆ ಉಳಿಯತಕ್ಕ ನಂಟು ಯಾವುದು?

ನಮ್ಮ ಅಭಿಪ್ರಾಯದಲ್ಲಿ ಆ ನಂಟು ಈ ಯಃಕಶ್ಚಿತ್ ವರದಿಯೇ ಆಗಿರುತ್ತದೆ. ಆದುದರಿಂದಲೇ ಅದು ಹೇಗಿರಬೇಕೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುತ್ತೇವೆ.

ಮೊದಲು ನೀರು. ಬಜಪೆಯ ಸುತ್ತಣ ಮುರಕಲ್ಲಿನ ಪದವುಗಳಲ್ಲಿ ಬಾವಿಯು ಆಳ, ನೀರು ವಿರಳ. ಕೆಳಗೆ ಫಲ್ಗುಣಿ ನದಿಯು ಹರಿಯುತ್ತಿದ್ದರೂ ಬೇಸಗೆಯಲ್ಲಿ ಕರಾವಳಿಯ ಹೊಳೆಗಳ ಸ್ವಭಾವವನ್ನು ಎಲ್ಲರೂ ಬಲ್ಲರು: ಮೇಲಿನಿಂದ ಬರುವ ಸಿಹಿನೀರು ಕಡಿಮೆಯಾದಂತೆ ಕೆಳಗಿನಿಂದ ಉಪ್ಪುನೀರು ಉಬ್ಬರದೊಡನೆ ಏರುತ್ತದೆ. ಮರವೂರಿನಲ್ಲಿರುವಂಥ ಕಿಂಡಿ ಅಣೆಕಟ್ಟುಗಳು ಇರುವುದು ಇದಕ್ಕಾಗಿಯೇ. ಹಲಗೆಯನ್ನು ಬೇಗ ಇಳಿಸಿದರೆ ಅಕಾಲದ ಮಳೆಗೆ ನೆರೆಯ ಭಯ, ತಡವಾಗಿ ಇಳಿಸಿದರೆ ಹರಿದುಹೋದ ನೀರು ಮರಳಿ ಬಾರದು. ಹಾಗಾದರೆ ಚಳಿಗಾಲದ ವರದಿಯಲ್ಲಿ ಇರತಕ್ಕದ್ದೇನು? ಹಲಗೆ ಇಳಿಸಿದ ತಾರೀಕು, ಇಂದಿನ ನೀರಿನ ಮಟ್ಟ, ಕಳೆದ ವರ್ಷ ಇದೇ ದಿನದ ಮಟ್ಟ, ಯಾವ ಯಾವ ವಾರ್ಡಿಗೆ ಎಷ್ಟು ದಿನಕ್ಕೊಮ್ಮೆ ನೀರು. ಈ ನಾಲ್ಕು ಸಂಗತಿಗಳು ಜನವರಿಯಲ್ಲಿ ತಿಳಿದುಬಂದರೆ ಎಪ್ರಿಲಿನ ಜಗಳಗಳಲ್ಲಿ ಅರ್ಧ ನಿಲ್ಲುವುವು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪದ್ಧತಿಯಿಂದ ಊರಿಗೆ ಬಿಡುಗಡೆಯಾಗುವುದು.

ಎರಡನೆಯದು ಕಸ. ಇದರಲ್ಲಿ ನಮಗೆ ನೆರೆಯಲ್ಲಿಯೇ ಪಾಠವಿದೆ. 2019ರ ಆಗಸ್ಟಿನ ಮಳೆಗೆ ಮಂಗಳೂರು ನಗರದ ಪಚ್ಚನಾಡಿಯ ಕಸದ ಗುಡ್ಡವು ಜರಿದು ಮಂದಾರವೆಂಬ ತಗ್ಗಿನ ಕಡೆಗೆ ಹರಿಯಿತು. ತೆಂಗು ಕಂಗುಗಳ ತೋಟಗಳು ಅದರಡಿಯಲ್ಲಿ ಹೂತುಹೋದುವು. ತಲೆಮಾರುಗಳಿಂದ ನೆಲಸಿದ್ದ ಕುಟುಂಬಗಳು ಮನೆಬಿಟ್ಟು ಏಳಬೇಕಾಯಿತು. 2023ರ ಜನವರಿಯಲ್ಲಿ ಅದೇ ಪಚ್ಚನಾಡಿಯಲ್ಲಿ ಬೆಂಕಿ ಹತ್ತಿತು. ಮಳೆಗಾಲದಲ್ಲಿ ಜಾರುವ ಕಸವೇ ಚಳಿಗಾಲದಲ್ಲಿ ಒಣಗಿ ಉರಿಯುತ್ತದೆ. ಆ ಗುಡ್ಡವು ಒಂದು ದಿನದಲ್ಲಿ ಬೆಳೆದದ್ದಲ್ಲ. ಪ್ರತಿದಿನದ ಲಾರಿಯ ಲೆಕ್ಕ ಪ್ರತಿವಾರ ಊರಿನ ಕಣ್ಣಿಗೆ ಬೀಳುತ್ತಿದ್ದರೆ ಯಾರಾದರೂ ಎಚ್ಚರಿಸುತ್ತಿದ್ದರು. ಹಸಿಕಸ ಒಣಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ಕಾನೂನಿದೆ. ಬೇರ್ಪಡಿಸಿ ಕೊಟ್ಟದ್ದು ಮುಂದೆ ಬೇರೆಯಾಗಿಯೇ ಹೋಯಿತೋ, ಒಂದೇ ಗುಂಡಿಗೆ ಬಿತ್ತೋ ಎಂಬುದನ್ನು ಗೃಹಿಣಿಯು ತಿಳಿಯಲಪೇಕ್ಷಿಸುವುದು ನ್ಯಾಯವಾಗಿದೆ. ಬಜಪೆಯ ಕಸವು ಇನ್ನೂ ಗುಡ್ಡವಾಗುವ ಮುನ್ನವೇ ಆ ಲೆಕ್ಕವು ಹೊರಬೀಳಲಿ.

ಮೂರನೆಯದು ಮಾರ್ಗ ಮತ್ತು ತೋಡು. 2021ರ ಜೂನಿನಲ್ಲಿ ಮಂಗಳೂರನ್ನೂ ಬಜಪೆಯನ್ನೂ ಕೂಡಿಸುವ ಮರವೂರಿನ ಸೇತುವೆಯ ಒಂದು ಕಂಬವು ಕುಸಿಯಿತು. ವಿಮಾನನಿಲ್ದಾಣಕ್ಕೂ ಕಟೀಲಿಗೂ ಹೋಗತಕ್ಕ ಹಾದಿಯು ಕಡಿದು, ಶಾಲೆಗೆ, ಆಸ್ಪತ್ರೆಗೆ ಹೋಗುವವರು ಸುತ್ತುದಾರಿ ಹಿಡಿಯಬೇಕಾಯಿತು. ಸೇತುವೆಯು ಪಂಚಾಯತಿನ ಸೊತ್ತಲ್ಲವೆಂಬುದು ನಿಜ. ಆದರೆ ನೀರು ಏನು ಮಾಡಬಲ್ಲುದೆಂಬುದಕ್ಕೆ ಅದು ಸಾಕ್ಷಿ. ಮಳೆಗಾಲದಲ್ಲಿ ಬೀಳುವುದನ್ನು ಚಳಿಗಾಲದಲ್ಲಿ ನೋಡಿಕೊಳ್ಳಬೇಕು. ‘ಸದರಿ ಕಾಮಗಾರಿಯು ಪ್ರಗತಿಯಲ್ಲಿರುತ್ತದೆ’ ಎಂಬ ವಾಕ್ಯವು ನಮ್ಮ ಕಚೇರಿಗಳಿಗೆ ಬಹಳ ಪ್ರಿಯ. ಯಾವ ತೋಡು, ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರು, ಎಷ್ಟು ರೂಪಾಯಿ, ಗುತ್ತಿಗೆದಾರನು ಯಾರು, ಯಾವ ದಿನ ಮುಗಿಯಬೇಕು ಎಂಬುದನ್ನು ಅದು ಹೇಳುವುದಿಲ್ಲ. ಹೇಳದಿದ್ದ ಮೇಲೆ ಅದು ವರದಿಯಲ್ಲ, ಬಾಗಿಲು ಮುಚ್ಚಿಕೊಳ್ಳುವ ಸಭ್ಯ ವಿಧಾನ.

ನಾಲ್ಕನೆಯದು ತೆರಿಗೆ. ಹಳ್ಳಿಯು ಪಟ್ಟಣವಾದಾಗ ಮೊದಲು ಅರಿವಾಗುವುದು ತೆರಿಗೆಯ ಚೀಟಿಯಿಂದಲೇ. ಮನೆಯ ಯಜಮಾನನೇ ತನ್ನ ಕಟ್ಟಡದ ವಿಸ್ತೀರ್ಣವನ್ನು ಘೋಷಿಸಿ ತೆರಿಗೆ ಕಟ್ಟುವ ಪದ್ಧತಿಯು ನಮ್ಮ ರಾಜ್ಯದ ಪಟ್ಟಣಗಳಲ್ಲಿ ಬಂದು ಬಹಳ ವರ್ಷಗಳಾದುವು. ಎಪ್ರಿಲಿನಲ್ಲಿ ಕಟ್ಟಿದವರಿಗೆ ಶೇಕಡಾ 5ರ ರಿಯಾಯಿತಿ ಕೊಡುವ ರೂಢಿಯೂ ಇದೆ. ಸರಕಾರವು ಪೌರನ ಮಾತನ್ನು ನಂಬಿ ತೆರಿಗೆ ತೆಗೆದುಕೊಳ್ಳುವಾಗ, ಪೌರನು ಸರಕಾರದ ಲೆಕ್ಕವನ್ನು ನಂಬುವಂತೆ ಅದನ್ನು ಬಿಚ್ಚಿ ತೋರಿಸುವುದು ಋಣಸಂದಾಯವೇ ಸರಿ. ವಾರ್ಡಿನಿಂದ ಬಂದುದೆಷ್ಟು, ವಾರ್ಡಿಗೆ ಹೋದುದೆಷ್ಟು ಎಂಬ ಎರಡು ಅಂಕಣಗಳಷ್ಟೇ ಸಾಕು.

ಇನ್ನು ಭಾಷೆಯ ಮಾತು. ಬಜಪೆಯ ಮನೆಗಳಲ್ಲಿ ತುಳುವಿದೆ, ಕೊಂಕಣಿಯಿದೆ, ಬ್ಯಾರಿಯಿದೆ. ಇವೆಲ್ಲಕ್ಕೂ ಸಾಮಾನ್ಯವಾದ ಅಂಗಳವೇ ಕನ್ನಡ. ಆ ಅಂಗಳವು ಕಲ್ಲುಮುಳ್ಳುಗಳಿಂದ ತುಂಬಿದ್ದರೆ ಯಾರು ತಾನೇ ಕಾಲಿಟ್ಟಾರು? ಕನ್ನಡ ಲಿಪಿಯಲ್ಲಿ ಬರೆದ ಇಂಗ್ಲಿಷಿನ ಮೊದಲಕ್ಷರಗಳೂ, ಮೂರು ಸಾಲಿನ ಸಂಸ್ಕೃತಸಮಾಸಗಳೂ ಕಚೇರಿಯ ಕನ್ನಡವನ್ನು ಕನ್ನಡಿಗನಿಗೇ ಅನ್ಯವಾಗಿ ಮಾಡಿವೆ. ಈ ದೋಷದಲ್ಲಿ ನಮ್ಮಂಥ ಪತ್ರಿಕೆಯವರಿಗೂ ವಕೀಲರಿಗೂ ಪಾಲುಂಟೆಂದು ಒಪ್ಪಿಕೊಳ್ಳುತ್ತೇವೆ.

ಕರ್ಣಾಟಕದ ಏಕೀಕರಣಕ್ಕೂ ಪುರಾಡಳಿತಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಅಂಥವರು ಹಿಂದಿನದನ್ನು ನೆನೆಯಲಿ. 1866ರಲ್ಲಿ ಸ್ಥಾಪಿತವಾದ ಮಂಗಳೂರಿನ ಪುರಸಭೆಯು ಮದರಾಸಿನ ಕಾನೂನಿನಿಂದ ನಡೆಯುತ್ತಿತ್ತು. ಧಾರವಾಡ ಬೆಳಗಾವಿಗಳದು ಮುಂಬಯಿಯ ಕಾನೂನು. ಕಲಬುರ್ಗಿ ರಾಯಚೂರುಗಳದು ಹೈದರಾಬಾದಿನದು. ಕೊಡಗಿಗೂ ಮೈಸೂರಿಗೂ ಅವುಗಳದೇ ಬೇರೆ. ಒಂದೂರಿನ ಕನ್ನಡಿಗನು ಮತ್ತೊಂದೂರಿಗೆ ಹೋದರೆ ತೆರಿಗೆಯ ಹೆಸರೇ ಬೇರೆ, ಅಧಿಕಾರಿಯ ಹೆಸರೇ ಬೇರೆ. 1956ರ ನವಂಬರ 1ರಂದು ಭೂಪಟವು ಒಂದಾಯಿತು. ಪುರಸಭೆಗಳ ಕಾನೂನು ಒಂದಾಗಲು 1964ರ ತನಕ ಕಾಯಬೇಕಾಯಿತು. ರಾಜ್ಯದ ಆಡಳಿತಭಾಷೆ ಕನ್ನಡವೆಂದು 1963ರಲ್ಲಿಯೂ, ಸ್ಥಳೀಯ ಸಂಸ್ಥೆಗಳ ಭಾಷೆಯೂ ಕನ್ನಡವೆಂದು 1981ರಲ್ಲಿಯೂ ಶಾಸನಗಳಾದುವು. ಕಾಗದದ ಏಕೀಕರಣವು ಹೀಗೆ ಮುಗಿದಿದೆ. ಕೇರಿಯ ಗೋಡೆಯ ಮೇಲೆ ಅಂಟಿಸಿದ ಪ್ರಕಟನೆಯನ್ನು ಓದಿ ಹೆಣ್ಣುಮಗಳೊಬ್ಬಳು ‘ಇದು ನನ್ನ ಮನೆಯ ಮಾತು’ ಎಂದುಕೊಳ್ಳುವ ದಿನ ಏಕೀಕರಣದ ಕೊನೆಯ ಕೆಲಸ ಮುಗಿದೀತು.

ಗಡಿಯಾಚೆಗೆ ಕಣ್ಣು ಹಾಯಿಸಿದರೆ ಈ ಮಾತಿನ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಬಡಗಣ ಭಾಗವು ನಮಗೆ ಬರಬೇಕೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿದ್ದು ಹೇಳಿಕೆಯಾಗಿಯೇ ಉಳಿಯಿತು. ಕವಿಗಳಾದ ಕಯ್ಯಾರ ಕಿಞ್ಞಣ್ಣ ರೈಗಳು ಏಕೀಕರಣಕ್ಕಾಗಿ ಹಾಡಿ ಹೋರಾಡಿದವರು. ಅವರೇ ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ ಊರಿನ ಕೆಲಸವನ್ನೂ ನಡೆಸಿದರು. ಕವಿತೆಯೂ ಕಡತವೂ ಅವರಿಗೆ ಒಂದೇ ಸೇವೆಯ ಎರಡು ಮುಖಗಳಾಗಿದ್ದುವು. ಅಲ್ಲಿನ ಕನ್ನಡಿಗರು ಸರಕಾರದ ಒಂದೊಂದು ಅರ್ಜಿಯೂ ಒಂದೊಂದು ಪ್ರಕಟನೆಯೂ ಕನ್ನಡದಲ್ಲಿ ದೊರೆಯಲೆಂದು ದಶಕಗಳಿಂದ ಕೇಳುತ್ತ ಬಂದಿದ್ದಾರೆ. ಅವರು ಬೇಡಿ ಪಡೆಯಬೇಕಾದದ್ದು ನಮ್ಮಲ್ಲಿ ಕಾನೂನಿನಿಂದಲೇ ಇದೆ. ಇದ್ದೂ ಬಳಸದಿದ್ದರೆ ಅವರ ಮುಂದೆ ತಲೆಯೆತ್ತುವುದು ಹೇಗೆ?

ಸಿಬ್ಬಂದಿ ಸಾಲದು, ವರದಿ ಬರೆಯಲು ಸಮಯವಿಲ್ಲ ಎಂದು ಕಚೇರಿಗಳು ಹೇಳಬಹುದು. ಈ ತೊಂದರೆ ಸುಳ್ಳೆಂದು ನಾವು ಹೇಳಲಾರೆವು. ಆದರೆ ಕೇಳುವವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರೆ ಹೋಗುವ ಸಮಯವು, ಎಲ್ಲರಿಗೂ ಒಂದೇ ಸಲ ಹೇಳಿದರೆ ಉಳಿಯುತ್ತದೆ. ಮೇಲಾಗಿ 2005ರ ಮಾಹಿತಿಹಕ್ಕಿನ ಕಾನೂನಿನ ನಾಲ್ಕನೆಯ ಕಲಮು, ಯಾರೂ ಕೇಳುವ ಮುನ್ನವೇ ಸಾರ್ವಜನಿಕ ಕಚೇರಿಗಳು ತಮ್ಮ ಕೆಲಸದ ವಿವರಗಳನ್ನು ಪ್ರಕಟಿಸತಕ್ಕದ್ದೆಂದೂ, ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡತಕ್ಕದ್ದೆಂದೂ ಹೇಳುತ್ತದೆ. ನಾವು ಬೇಡುವುದು ಹೊಸ ಉಪಕಾರವನ್ನಲ್ಲ.

ಆದಕಾರಣ ಬಜಪೆಯ ಸದಸ್ಯರಲ್ಲಿ ನಮ್ಮ ನಿವೇದನೆಯಿಷ್ಟೆ. ವಾರಕ್ಕೊಂದು ಹಾಳೆಯನ್ನು, ನೀರು, ಕಸ, ಮಾರ್ಗ, ತೆರಿಗೆಗಳ ಅಂಕೆಗಳೊಡನೆ, ತಿಳಿಗನ್ನಡದಲ್ಲಿ ಬರೆಯಿಸಿ ಬಸ್ಸುನಿಲ್ದಾಣದಲ್ಲಿಯೂ ಪ್ರತಿಯೊಂದು ಶಾಲೆಯ ಬಾಗಿಲಲ್ಲಿಯೂ ಅಂಟಿಸಿರಿ. ಕಾನೂನು ವಿಧಿಸದಿದ್ದರೂ ಗ್ರಾಮಸಭೆಯ ಸತ್ಸಂಪ್ರದಾಯವನ್ನು ಬಿಡದೆ, ಆಯವ್ಯಯವು ಮಂಜೂರಾಗುವ ಮುನ್ನ ವಾರ್ಡುವಾರ್ಡಿನಲ್ಲಿ ಒಂದು ಸಂಜೆ ಜನರನ್ನು ಕೂಡಿಸಿ ಅದನ್ನು ಓದಿ ಹೇಳಿರಿ. ಯಕ್ಷಗಾನದ ಬಯಲಾಟಕ್ಕೆ ಇರುಳಿಡೀ ಕುಳಿತುಕೊಳ್ಳುವ ನಮ್ಮ ಜನರು ತಮ್ಮ ಊರಿನ ಲೆಕ್ಕಕ್ಕೆ ಒಂದು ತಾಸು ಕುಳಿತುಕೊಳ್ಳಲಾರರೇ?

ಉಪಾಧ್ಯಾಯ ಮಹಾಶಯರಲ್ಲಿ ಬೇರೆ ವಿಜ್ಞಾಪನೆಯಿದೆ. ಆ ಹಾಳೆಯನ್ನು ನೀವು ಮೊದಲು ಓದಿರಿ. ಏಳನೆಯ ತರಗತಿಯ ಮಕ್ಕಳಿಗೆ ಅದರಲ್ಲಿನ ಅಂಕೆಗಳನ್ನೇ ಗಣಿತದ ಪಾಠವಾಗಿ ಕೊಡಿರಿ. ಅಕ್ಷರ ಬಾರದ ಹಿರಿಯರಿಗೆ ಮಕ್ಕಳು ಸಂಜೆ ಅದನ್ನು ತುಳುವಿನಲ್ಲಿಯೋ ಬ್ಯಾರಿಯಲ್ಲಿಯೋ ಕೊಂಕಣಿಯಲ್ಲಿಯೋ ತಿಳಿಸಿ ಹೇಳಲಿ. ಹಾಗೆ ಬೆಳೆದ ಮಗುವು ಮುಂದೆ ಮತ ಕೊಡುವಾಗ, ಯಾವ ತೋಡಿನ ಹೂಳು ತೆಗೆಯದೆ ಉಳಿದಿದೆಯೆಂಬುದನ್ನು ನೆನಪಿಟ್ಟುಕೊಂಡೇ ಮತಪೆಟ್ಟಿಗೆಯ ಬಳಿಗೆ ಹೋಗುವುದು. ಈ ಚಳಿಗಾಲದಲ್ಲಿಯೇ ಮೊದಲ ಹಾಳೆಯು ಗೋಡೆಗೆ ಬರಲೆಂದು ನಾವು ಹಾರೈಸುತ್ತೇವೆ. ಬರುವ ತನಕ ಕೇಳುತ್ತಲೂ ಇರುತ್ತೇವೆ.